ಪೊಲೀಸ್ ತಪಾಸಣೆ ಮೇಲೆ ಜನರ ಕಣ್ಣು: ಕಾರಣದ ಆ ಎರಡು ಸಾಲು ಓದೋಣ

(ಲಂಡನ್‌ನಲ್ಲಿ ನಮ್ಮ ಕನ್ನಡದವರ ಒಂದು ಸಭೆಯಲ್ಲಿ ಮಾತಾಡಿದ್ದು. ಬರದೇ ಇದ್ದವರು ಬರೆದು ಕೊಡಿ ಅಂದ್ರು, ಅದಕ್ಕೆ ಮಾತಾಡಿದ ಹಾಗೇ ಬರೆದಿದ್ದೀನಿ, ಅಲ್ಲಲ್ಲಿ ಅಂಕಿಅಂಶ ಸೇರಿಸಿದ್ದೀನಿ ಅಷ್ಟೇ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರ್ತೀನಿ. ಈ ದೇಶದಲ್ಲಿ, ಅಂದ್ರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಒಬ್ಬ ಕಾನ್‌ಸ್ಟೇಬಲ್ ನಿಮ್ಮನ್ನ ರಸ್ತೇಲಿ ನಿಲ್ಲಿಸಿ ಜೇಬು, ಬ್ಯಾಗು, ಕಾರು ಎಲ್ಲಾ ತಡಕಬಹುದು. ಅರೆಸ್ಟ್ ಮಾಡ್ದೇನೇ, ಯಾವ ಮ್ಯಾಜಿಸ್ಟ್ರೇಟ್ ಹತ್ರನೂ ಹೋಗದೇನೇ. ಇದನ್ನ ಸ್ಟಾಪ್ ಅಂಡ್ ಸರ್ಚ್ ಅಂತಾರೆ, ವರ್ಷಕ್ಕೆ 5 ಲಕ್ಷಕ್ಕೂ ಮೇಲೆ ನಡೆಯುತ್ತೆ. ಈ ಅಧಿಕಾರವನ್ನ ಪೊಲೀಸರು ಹೇಗೆ ಬಳಸ್ತಾ ಇದ್ದಾರೆ ಅಂತ ನೋಡೋಕೆ ಸಾಮಾನ್ಯ ಜನ ಕೂತು ಅವರ ರೆಕಾರ್ಡ್ ತೆಗೆದು ಓದೋ ಗುಂಪುಗಳಿವೆ, ಲಂಡನ್‌ನಲ್ಲಿ ಇವಕ್ಕೆ ಕಮ್ಯುನಿಟಿ ಮಾನಿಟರಿಂಗ್ ಗ್ರೂಪ್ ಅಂತಾರೆ, ಬೇರೆ ಕಡೆ ಸ್ಕ್ರೂಟಿನಿ ಪ್ಯಾನೆಲ್ ಅಂತಾರೆ. ಅಂಥ ಒಂದು ಗುಂಪಿನಲ್ಲಿ ನಾನೂ ಕೂತ್ಕೋತೀನಿ. ಇವತ್ತು ನಾನು ಹೇಳೋಕೆ ಬಂದಿರೋದು ಒಂದೇ ಮಾತು. ಈ ಗುಂಪುಗಳು ಗ್ರಾಫ್ ನೋಡಿ ಟೀ ಕುಡಿದು ಎದ್ದು ಬಂದ್ರೆ ಏನೂ ಆಗಲ್ಲ, ಒಂದೊಂದು ತಪಾಸಣೆಗೂ ಪೊಲೀಸರು ಬರೆದ ಕಾರಣವನ್ನ ಓದಬೇಕು, ಓದಿ "ಇದು ಸಾಲದು" ಅಂದ್ಮೇಲೆ ಆ ಮಾತು ಆ ಆಫೀಸರ್ ಕಿವಿಗೆ ಬೀಳಬೇಕು, ಏನು ಕ್ರಮ ಆಯ್ತು ಅನ್ನೋ ಉತ್ತರ ವಾಪಸ್ ನಮ್ಮ ಮೇಜಿಗೆ ಬರಬೇಕು.

ಮೊದಲು ಕಾನೂನು ಬೇಗ ಹೇಳಿಬಿಡ್ತೀನಿ. 1984ರ ಪೊಲೀಸ್ ಅಂಡ್ ಕ್ರಿಮಿನಲ್ ಎವಿಡೆನ್ಸ್ ಆಕ್ಟ್, ಎಲ್ಲರೂ ಪೇಸ್ ಅಂತ ಕರೀತಾರೆ, ಅದರ ಸೆಕ್ಷನ್ 1 ಕದ್ದ ಮಾಲು, ಆಯುಧ, ಕಳ್ಳತನಕ್ಕೆ ಬಳಸೋ ಸಾಮಾನು ಇವಕ್ಕಾಗಿ. ಡ್ರಗ್ಸ್‌ಗೆ 1971ರ ಮಿಸ್ಯೂಸ್ ಆಫ್ ಡ್ರಗ್ಸ್ ಆಕ್ಟ್‌ನ ಸೆಕ್ಷನ್ 23. ನಡೆಯೋ ತಪಾಸಣೆಗಳಲ್ಲಿ ಜಾಸ್ತಿ ಪಾಲು ಡ್ರಗ್ಸ್‌ಗೇನೇ, ಅದೂ ಬಹುಪಾಲು ಕ್ಯಾನಬಿಸ್, ನಮ್ಮ ಭಾಷೇಲಿ ಗಾಂಜಾ. ಇವೆರಡಕ್ಕೂ "ಸಮಂಜಸವಾದ ಅನುಮಾನ" ಇರಲೇಬೇಕು. ಮೂರನೇದು 1994ರ ಕಾಯ್ದೆಯ ಸೆಕ್ಷನ್ 60, ಅದಕ್ಕೆ ಅನುಮಾನನೇ ಬೇಡ, ಅದರ ಕಥೆ ಬೇರೆ, ಆಮೇಲೆ ಬರ್ತೀನಿ.

ಸಮಂಜಸ ಅನುಮಾನ ಅಂದ್ರೆ ಏನು ಅಂತ ಕೋಡ್ ಎ ಅನ್ನೋ ನಿಯಮಾವಳಿ ಹೇಳುತ್ತೆ. ಒಬ್ಬನ ಮೈಬಣ್ಣ, ವಯಸ್ಸು, ಬಟ್ಟೆ, ಕೂದಲು, ಹಿಂದೆ ಅವನ ಮೇಲೆ ಕೇಸ್ ಇತ್ತು ಅನ್ನೋದು, ಇವು ಒಂದೊಂದಾಗಲಿ ಎಲ್ಲಾ ಸೇರಿಸಾಗಲಿ ಕಾರಣ ಆಗಲ್ಲ. ಖಚಿತ ಮಾಹಿತಿ ಇರಬೇಕು ಅಥವಾ ಅವನು ಮಾಡ್ತಿದ್ದ ಏನಾದ್ರೂ ಕಣ್ಣಿಗೆ ಬಿದ್ದಿರಬೇಕು. ತಪಾಸಣೆ ಶುರು ಮಾಡೋಕೆ ಮುಂಚೆನೇ ಆಫೀಸರ್ ತನ್ನ ಹೆಸರು (ಜೀವಭಯ ಇದ್ರೆ ನಂಬರ್), ಯಾವ ಠಾಣೆ, ಏನು ಹುಡುಕ್ತಿದ್ದೀನಿ, ಯಾಕೆ ಹುಡುಕ್ತಿದ್ದೀನಿ, ಯಾವ ಕಾನೂನಿನಡಿ, ನಿಮಗೆ ರೆಕಾರ್ಡ್ ಪ್ರತಿ ಪಡೆಯೋ ಹಕ್ಕಿದೆ, ಇಷ್ಟೂ ಹೇಳಬೇಕು. ಯೂನಿಫಾರಂ ಇಲ್ಲದಿದ್ರೆ ವಾರಂಟ್ ಕಾರ್ಡ್ ತೋರಿಸಬೇಕು. ರಸ್ತೇಲಿ ಎಲ್ಲರ ಮುಂದೆ ಹೊರಗಿನ ಕೋಟು, ಜಾಕೆಟ್, ಕೈಗವಸು ಬಿಟ್ಟು ಬೇರೇನೂ ಬಿಚ್ಚಿಸೋ ಹಾಗಿಲ್ಲ. ಇನ್ನೊಂದು, ಇದು ನಮ್ಮವರಿಗೆ ಬಹಳ ಜನಕ್ಕೆ ಗೊತ್ತಿಲ್ಲ, ತಪಾಸಣೆಗೆ ಅಂತ ನಿಲ್ಲಿಸಿದಾಗ ಹೆಸರು ವಿಳಾಸ ಹೇಳ್ಬೇಕು ಅನ್ನೋ ಕಡ್ಡಾಯ ಇಲ್ಲ. (ಕಾರು ಓಡಿಸ್ತಾ ಇದ್ರೆ ಬೇರೆ, ಅದು ಟ್ರಾಫಿಕ್ ಕಾನೂನು.)

ಈ ನಿಯಮ ಯಾವುದೂ ಸುಮ್ನೆ ಬರಲಿಲ್ಲ. ಪೇಸ್‌ಗೆ ಮುಂಚೆ 1824ರ ವೇಗ್ರನ್ಸಿ ಆಕ್ಟ್ ಅಂತ ಒಂದಿತ್ತು, ಅದರಡಿ ಅಪರಾಧ ಮಾಡೋ ಉದ್ದೇಶದಿಂದ ಓಡಾಡ್ತಿದ್ದ ಅಂತ ಸಂಶಯ ಬಂದ್ರೇ ಹಿಡೀಬಹುದಿತ್ತು. ಸಸ್ ಲಾ ಅಂತ ಜನ ಕರೀತಿದ್ರು. ಕಪ್ಪು ಜನಾಂಗದ ತಾಯಂದಿರೇ ಬೀದಿಗಿಳಿದು ಹೋರಾಡಿ ಅದು 1981ರಲ್ಲಿ ರದ್ದಾಯ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ದಕ್ಷಿಣ ಲಂಡನ್‌ನ ಬ್ರಿಕ್ಸ್‌ಟನ್‌ನಲ್ಲಿ ಆಪರೇಷನ್ ಸ್ವಾಂಪ್ ಅಂತ ಒಂದು ಕಾರ್ಯಾಚರಣೆ ಮಾಡಿದ್ರು. ಮಫ್ತಿ ಪೊಲೀಸರು ಕೆಲವೇ ದಿನದಲ್ಲಿ 943 ಜನರನ್ನ ತಡೆದ್ರು, 118 ಜನರನ್ನ ಅರೆಸ್ಟ್ ಮಾಡಿದ್ರು. ದರೋಡೆ ತಡೀತೀವಿ, ಮನೆಗಳ್ಳತನ ತಡೀತೀವಿ ಅಂತ ಹೊರಟಿದ್ದು, ಕೊನೆಗೆ ದರೋಡೆ ಚಾರ್ಜ್ ಬಿದ್ದಿದ್ದು ಒಬ್ಬನ ಮೇಲೆ. ಊರು ಹತ್ತಿ ಉರೀತು. ಲಾರ್ಡ್ ಸ್ಕಾರ್ಮನ್ ವಿಚಾರಣೆ ಮಾಡಿ ವರದಿ ಕೊಟ್ರು, ಆಮೇಲೆ ಬಂದಿದ್ದು ಪೇಸ್ ಕಾಯ್ದೆ, ಅದರ ಜೊತೆಗೇ ಬಂದಿದ್ದು ಪ್ರತಿ ತಪಾಸಣೆಗೂ ಬರವಣಿಗೆಯಲ್ಲಿ ರೆಕಾರ್ಡ್ ಇಡಬೇಕು ಅನ್ನೋ ನಿಯಮ. ಅಂದ್ರೆ ಇವತ್ತು ನಾವು ಕೂತು ಓದೋ ಆ ಕಾಗದ ಇದೆಯಲ್ಲ, ಅದು ಬೆಂಕಿ ಬಿದ್ದ ಮೇಲೆ ಸಿಕ್ಕಿದ್ದು.

1993ರಲ್ಲಿ ಎಲ್ಥಮ್‌ನಲ್ಲಿ ಸ್ಟೀಫನ್ ಲಾರೆನ್ಸ್ ಅನ್ನೋ ಹದಿನೆಂಟರ ಕಪ್ಪು ಹುಡುಗನನ್ನ ಬಸ್ ಸ್ಟಾಪ್‌ನಲ್ಲಿ ಕೊಂದ್ರು, ತನಿಖೆ ಹಳ್ಳ ಹಿಡೀತು, ಅದರ ಬಗ್ಗೆ 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಬಂತು. ಆ ವರದಿ ತಪಾಸಣೆ ಅಧಿಕಾರ ತೆಗೀರಿ ಅನ್ನಲಿಲ್ಲ, ಆದ್ರೆ ಬರೀ ನಿಲ್ಲಿಸಿ ಮಾತಾಡಿಸಿದ್ದಕ್ಕೂ ರೆಕಾರ್ಡ್ ಕೊಡಿ, ಅದನ್ನ ಪ್ರಕಟ ಮಾಡಿ ಅಂತು. 2005ರ ಹೊತ್ತಿಗೆ ದೇಶಾದ್ಯಂತ ಅದು ಜಾರಿಗೆ ಬಂತು, ಕೆಲವೇ ವರ್ಷದಲ್ಲಿ ಪೇಪರ್‌ವರ್ಕ್ ಜಾಸ್ತಿ ಅಂತ ಕೈಬಿಟ್ರು. ತಪಾಸಣೆಯ ರೆಕಾರ್ಡ್ ಮಾತ್ರ ಉಳೀತು. ಅದರ ಪ್ರತಿ ಕೇಳೋಕೆ ಮುಂಚೆ ಒಂದು ವರ್ಷ ಟೈಮ್ ಇತ್ತು, ಅದನ್ನೂ ಮೂರು ತಿಂಗಳಿಗೆ ಇಳಿಸಿದ್ರು. ಇಂಥದ್ದೆಲ್ಲ ಸದ್ದಿಲ್ಲದೆ ಆಗುತ್ತೆ, ಕಾಯ್ತಾ ಕೂತಿರೋರು ಇಲ್ಲದಿದ್ರೆ ಯಾರಿಗೂ ಗೊತ್ತೂ ಆಗಲ್ಲ.

ಈಗ ನಮ್ಮ ಗುಂಪಿಗೆ ಯಾವ ಆಧಾರ? ಅದೇ ಕೋಡ್ ಎ, ಪ್ಯಾರಾ 5.4. ಪೊಲೀಸ್ ಪಡೆಗಳು ಈ ರೆಕಾರ್ಡ್‌ಗಳನ್ನ ಸಮುದಾಯದ ಪ್ರತಿನಿಧಿಗಳು ಪರಿಶೀಲಿಸೋಕೆ ವ್ಯವಸ್ಥೆ ಮಾಡಲೇಬೇಕು ಅಂತಿದೆ. "ಮಾಡಬಹುದು" ಅಲ್ಲ, "ಮಾಡಲೇಬೇಕು". ಯಾರಾದ್ರೂ ನಿಮ್ಮ ಹತ್ರ "ನಿಮಗ್ಯಾಕೆ ತೋರಿಸ್ಬೇಕು ಇದೆಲ್ಲ" ಅಂದ್ರೆ ಪ್ಯಾರಾ 5.4 ಅನ್ನಿ, ಸಾಕು. ಆದ್ರೆ ಆ ಪ್ಯಾರಾ ಹೇಗೆ ಮಾಡ್ಬೇಕು, ಎಷ್ಟು ರೆಕಾರ್ಡ್ ತೋರಿಸ್ಬೇಕು, ಯಾರು ಆರಿಸ್ಬೇಕು, ವಿಡಿಯೋ ತೋರಿಸ್ಬೇಕಾ, ತಪ್ಪು ಕಂಡ್ರೆ ಮುಂದೇನು, ಇದ್ಯಾವುದನ್ನೂ ಹೇಳಲ್ಲ. ಅಲ್ಲೇ ಎಲ್ಲಾ ಎಡವಟ್ಟು.

ನಮ್ಮ ಸಭೆ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಹೊರಗಿನವರಿಗೆ ಇದು ಏನೋ ದೊಡ್ಡ ಕೋರ್ಟ್ ಥರ ಅನ್ಸುತ್ತೆ. ಒಂದು ಲೈಬ್ರರಿ ಹಾಲ್, ಸಂಜೆ ಹೊತ್ತು, ಕೆಲಸ ಮುಗಿಸ್ಕೊಂಡು ಬಂದ ಒಂದಷ್ಟು ಜನ, ಒಬ್ರು ಪೊಲೀಸ್ ಇನ್ಸ್‌ಪೆಕ್ಟರ್. ಮೊದಲು ಅವರು ಅಂಕಿಅಂಶದ ಸ್ಲೈಡ್ ಹಾಕ್ತಾರೆ, ಈ ತಿಂಗಳು ಇಷ್ಟು ತಪಾಸಣೆ, ಇಷ್ಟು ಪರ್ಸೆಂಟ್‌ನಲ್ಲಿ ಏನೋ ಸಿಕ್ತು, ಹೋದ ಸಲಕ್ಕಿಂತ ಮೇಲೆ, ಕೆಳಗೆ. ಇದರಲ್ಲೇ ಮುಕ್ಕಾಲು ಗಂಟೆ ಕಳೆದುಹೋಗುತ್ತೆ ಬೇಕಾದ್ರೆ. ನಿಜವಾದ ಕೆಲಸ ಶುರುವಾಗೋದು ಹೆಸರು ಅಳಿಸಿದ ರೆಕಾರ್ಡ್‌ಗಳನ್ನ ಕೈಗೆ ಕೊಟ್ಟಾಗ. ಅದರಲ್ಲಿ ಸಮಯ, ಜಾಗ, ಯಾವ ಕಾನೂನು, ಏನು ಹುಡುಕಿದ್ರು, ಏನು ಸಿಕ್ತು, ತಡೆಯಲ್ಪಟ್ಟವರು ತಮ್ಮನ್ನ ಯಾವ ಜನಾಂಗ ಅಂತ ಹೇಳ್ಕೊಂಡ್ರು, ಆಫೀಸರ್ ಕಣ್ಣಿಗೆ ಯಾವ ಜನಾಂಗ ಅಂತ ಕಂಡ್ರು, ಎಲ್ಲಾ ಇರುತ್ತೆ. ಮಧ್ಯದಲ್ಲಿ ಒಂದು ಕಾಲಂ, ಅನುಮಾನಕ್ಕೆ ಕಾರಣ. ಎರಡು ಮೂರು ಸಾಲು.

ಆ ಎರಡು ಸಾಲು ಓದೋದು ಹೇಗೆ ಅಂತ ತೋರಿಸ್ತೀನಿ. ಇವು ಯಾವುದೋ ಒಂದು ನಿಜವಾದ ರೆಕಾರ್ಡ್ ಅಲ್ಲ, ಇಂಥ ಧಾಟಿಯಲ್ಲಿ ಇರ್ತವೆ ಅಂತ ನಾನೇ ಬರ್ಕೊಂಡಿದ್ದು. ಒಂದು ಹೀಗಿರುತ್ತೆ: "ಕಳ್ಳತನ ಜಾಸ್ತಿ ಇರುವ ಪ್ರದೇಶ. ಪೊಲೀಸ್ ಗಾಡಿ ನೋಡಿ ಮುಖ ತಿರುಗಿಸಿಕೊಂಡ. ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಲಿಲ್ಲ, ಗಾಬರಿಯಾಗಿದ್ದ." ಓದೋಕೆ ಸರಿಯಾಗೇ ಇದೆ ಅನ್ಸುತ್ತೆ ಅಲ್ವಾ? ಈಗ ಬಿಡಿಸಿ ನೋಡಿ. ಕಳ್ಳತನ ಜಾಸ್ತಿ ಇರೋ ಪ್ರದೇಶ, ಅಲ್ಲಿ ವಾಸ ಮಾಡೋ ಸಾವಿರಾರು ಜನಕ್ಕೂ ಅದು ಅನ್ವಯ ಆಗುತ್ತೆ, ಅವನೊಬ್ಬನಿಗೆ ಅಲ್ಲ. ಮುಖ ತಿರುಗಿಸಿದ್ದು, ಹತ್ತು ಸಲ ತಡೆಸಿಕೊಂಡ ಹುಡುಗ ಹನ್ನೊಂದನೇ ಸಲ ಗಾಡಿ ಕಂಡ್ರೆ ಇನ್ನೇನು ಮಾಡ್ತಾನೆ. ಗಾಬರಿಯಾಗಿದ್ದ, ಪೊಲೀಸ್ ಬಂದು ನಿಂತ್ರೆ ನಾನೂ ಗಾಬರಿ ಆಗ್ತೀನಿ. ಇಷ್ಟರಲ್ಲಿ ಅವನ ಜೇಬಲ್ಲಿ ಇಂಥ ವಸ್ತು ಇದೆ ಅಂತ ಅನುಮಾನ ಪಡೋಕೆ ಒಂದೇ ಒಂದು ಅಂಶ ಇಲ್ಲ. ಇನ್ನೊಂದು ರೆಕಾರ್ಡ್: "ಐದು ನಿಮಿಷದ ಹಿಂದೆ ಪಕ್ಕದ ರಸ್ತೆಯಲ್ಲಿ ಫೋನ್ ಕಿತ್ತುಕೊಂಡಿದ್ದಾರೆ ಎಂದು ಕರೆ. ಕೆಂಪು ಹೆಲ್ಮೆಟ್, ಕಪ್ಪು ಎಲೆಕ್ಟ್ರಿಕ್ ಬೈಕ್, ಹಿಂದಿನ ಮಡ್‌ಗಾರ್ಡ್ ಇಲ್ಲ. ಅದೇ ವಿವರದ ವ್ಯಕ್ತಿ ಕಂಡ." ಇದು ಕಾರಣ. ಇದರಲ್ಲಿ ಫೋನ್ ಸಿಗದೇ ಹೋದ್ರೂ ತಪಾಸಣೆ ಸರಿನೇ, ಮೊದಲನೇದರಲ್ಲಿ ಗಾಂಜಾ ಸಿಕ್ಕಿದ್ರೂ ತಪಾಸಣೆ ತಪ್ಪೇ. ಇದನ್ನ ಅರಗಿಸಿಕೊಳ್ಳೋಕೆ ನಮ್ಮ ಗುಂಪಿನಲ್ಲೇ ಎಷ್ಟೋ ಜನಕ್ಕೆ ಕಷ್ಟ ಆಗುತ್ತೆ, "ಸಿಕ್ತಲ್ಲ ಮತ್ತೆ" ಅಂತಾರೆ. ಸಿಕ್ಕಿದ್ದು ಆಮೇಲೆ ಗೊತ್ತಾಗಿದ್ದು, ಕಾರಣ ಕೈ ಹಾಕೋ ಮುಂಚೆ ಇರಬೇಕು.

ಇದು ಬರೀ ನಮ್ಮ ತಕರಾರಲ್ಲ. 2013ರಲ್ಲಿ ಪೊಲೀಸ್ ಇನ್ಸ್‌ಪೆಕ್ಟರೇಟ್‌ನವರೇ, ಅಂದ್ರೆ ಸರ್ಕಾರದ ತಪಾಸಣಾ ಸಂಸ್ಥೆ, 8,783 ರೆಕಾರ್ಡ್ ತೆಗೆದು ಓದಿದ್ರು, ಅದರಲ್ಲಿ ಶೇ 27ರಲ್ಲಿ ಬರೆದ ಕಾರಣ ಸಾಲದು ಅಂತ ಕಂಡುಬಂತು. ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ. ಅದೂ ಹೇಗೆ, ಸೂಪರ್‌ವೈಸರ್‌ಗಳ ಕಣ್ಣು ದಾಟಿ ಬಂದವು. ಇದಾದ ಮೇಲೇನೇ 2014ರಲ್ಲಿ ಆಗಿನ ಹೋಮ್ ಸೆಕ್ರೆಟರಿ, ಅಂದ್ರೆ ಗೃಹ ಸಚಿವೆ, ಥೆರೆಸಾ ಮೇ ತಪಾಸಣೆಗೆ ಕಡಿವಾಣ ಹಾಕೋ ಹೊಸ ಸ್ಕೀಮ್ ತಂದ್ರು, ತಪಾಸಣೆ ಸಂಖ್ಯೆ ಗಣನೀಯವಾಗಿ ಇಳೀತು, 2010-11ರಲ್ಲಿ 12 ಲಕ್ಷದ ಆಸುಪಾಸು ಇದ್ದಿದ್ದು 2017-18ಕ್ಕೆ 3 ಲಕ್ಷಕ್ಕಿಂತ ಕೆಳಗೆ ಬಂತು. ಆಮೇಲೆ ಮತ್ತೆ ಏರಿದೆ.

ಗಾಂಜಾ ವಾಸನೆ ಬಂತು ಅನ್ನೋದು ಇನ್ನೊಂದು ದೊಡ್ಡ ವಿಷಯ. ಬರೀ ವಾಸನೆ ಒಂದನ್ನೇ ಹಿಡ್ಕೊಂಡು ತಪಾಸಣೆ ಮಾಡೋದು ಸಾಮಾನ್ಯವಾಗಿ ಸರಿಯಲ್ಲ ಅಂತ ಪೊಲೀಸರ ತರಬೇತಿ ಸಂಸ್ಥೆ ಕಾಲೇಜ್ ಆಫ್ ಪೊಲೀಸಿಂಗ್ ಮಾರ್ಗಸೂಚಿ ಕೊಟ್ಟಿದೆ. 2020ರಲ್ಲಿ ದೂರು ತನಿಖೆ ಮಾಡೋ ಐಒಪಿಸಿ ಕೂಡ ಲಂಡನ್‌ನ ಮೆಟ್ರೊಪಾಲಿಟನ್ ಪೊಲೀಸರಿಗೆ (ಮೆಟ್ ಅಂತಾರೆ) ಇದೇ ಮಾತು ಹೇಳ್ತು, ವಾಸನೆ ಒಂದನ್ನೇ ನೆಚ್ಕೋಬೇಡಿ ಅಂತ. ರೆಕಾರ್ಡ್‌ನಲ್ಲಿ ವಾಸನೆ ಅಂತ ಬಂದ್ರೆ ನಾನು ಕೇಳೋದು ಇಷ್ಟೇ, ಯಾರಿಂದ ಬಂತು, ಎಷ್ಟು ದೂರದಿಂದ, ನಾಲ್ಕು ಜನ ನಿಂತಿದ್ರೆ ಇವನನ್ನೇ ಯಾಕೆ ಆರಿಸಿದ್ರಿ. ಕೊನೇ ಪ್ರಶ್ನೆಗೆ ಬಹಳ ಸಲ ಹಾಲ್ ಪೂರ್ತಿ ಮೌನ.

ಈಗ ವಿಡಿಯೋ. ಪೊಲೀಸರ ಎದೆ ಮೇಲೆ ಕ್ಯಾಮೆರಾ ಇರುತ್ತೆ ನೋಡಿರ್ತೀರ, ಮೆಟ್‌ನವರು 2016ರಿಂದ 22,000 ಕ್ಯಾಮೆರಾ ಹಂಚಿದ್ರು. ವಿಡಿಯೋ ನೋಡೋಕೆ ಬಿಟ್ಟ ಮೇಲೆ ನಮ್ಮ ಕೆಲಸನೇ ಬದಲಾಯ್ತು ಅಂದ್ರೆ ತಪ್ಪಿಲ್ಲ, ಯಾಕಂದ್ರೆ ಕಾಗದದಲ್ಲಿ "ಸೌಜನ್ಯದಿಂದ ವಿವರಿಸಲಾಯಿತು" ಅಂತ ಇರೋದು ತೆರೆ ಮೇಲೆ ಹೇಗಿತ್ತು ಅಂತ ಕಾಣುತ್ತೆ. ಆದ್ರೆ ಎರಡು ವಿಷಯ ಗೊತ್ತಿರಬೇಕು. ಆಫೀಸರ್ ಬಟನ್ ಒತ್ತಿದಾಗ ಅದಕ್ಕಿಂತ ಮುಂಚಿನ 30 ಸೆಕೆಂಡ್ ಚಿತ್ರನೂ ಉಳಿಯುತ್ತೆ, ಆದ್ರೆ ಆ 30 ಸೆಕೆಂಡ್‌ಗೆ ಧ್ವನಿ ಇರಲ್ಲ. ಹಾಗಾಗಿ ತಡವಾಗಿ ಒತ್ತಿದ್ರೆ ಮೊದಲ ಮಾತು ಏನಾಡಿದ್ರು ಅನ್ನೋದೇ ಸಿಗಲ್ಲ, ಬಾಯಿ ಆಡೋದು ಕಾಣುತ್ತೆ, ಕೈ ಹಿಡಿದಿರೋದು ಕಾಣುತ್ತೆ, ಧ್ವನಿ ಶುರುವಾಗೋ ಹೊತ್ತಿಗೆ ಹುಡುಗ ಆಗಲೇ ಕೂಗಾಡ್ತಿರ್ತಾನೆ, ನೋಡಿದವರಿಗೆ ಅವನೇ ಜಗಳಗಂಟ ಅನ್ಸುತ್ತೆ. ಎರಡನೇದು, ಮೆಟ್‌ನಲ್ಲಿ ಸಾಕ್ಷ್ಯ ಅಂತ ಗುರುತು ಹಾಕದ ವಿಡಿಯೋ 31 ದಿನಕ್ಕೆ ಅಳಿಸಿಹೋಗುತ್ತೆ. ನಿಮ್ಮ ಗುಂಪು ಮೂರು ತಿಂಗಳಿಗೊಮ್ಮೆ ಸೇರಿದ್ರೆ, ಏನೂ ಸಿಗದೇ ಬಿಟ್ಟು ಕಳಿಸಿದ ತಪಾಸಣೆಗಳ ವಿಡಿಯೋ, ಅಂದ್ರೆ ನಾವು ನೋಡಲೇಬೇಕಾದ್ದು ಯಾವುದೋ ಅದೇ, ಆಗಲೇ ಹೋಗಿರುತ್ತೆ. ಹಾಗಾಗಿ ಪ್ರತಿ ತಿಂಗಳು ರ್‍ಯಾಂಡಮ್ ಆಗಿ ಒಂದಷ್ಟು ಆರಿಸಿ ತೆಗೆದಿಡಿ ಅಂತ ಮುಂಚೆನೇ ಬರೆಸಿಕೊಂಡಿರಬೇಕು.

ವಿಡಿಯೋದಲ್ಲಿ ನಾನು ಮೊದಲು ನೋಡೋದು ಕೈಕೋಳ. ತಪಾಸಣೆಗೆ ನಿಂತವನಿಗೆ ಕೈಕೋಳ ಹಾಕೋದು ಬಲಪ್ರಯೋಗ, ಪ್ರತಿ ಸಲಕ್ಕೂ ಬೇರೇನೇ ಕಾರಣ ಬೇಕು, ರೂಢಿ ಅಂತ ಹಾಕೋ ಹಾಗಿಲ್ಲ. ಸುಮ್ನೆ ನಿಂತಿರೋ, ಸರ್ ಸರ್ ಅಂತ ಮಾತಾಡೋ ಹದಿನೈದರ ಹುಡುಗನಿಗೆ ಕೋಳ ಬಿದ್ದಿದ್ದು ನೋಡಿದಾಗ ಹೊಟ್ಟೆ ಕಿವುಚುತ್ತೆ. ಅಂಥ ಕಡೆ ನಾವು ವಿಡಿಯೋ ನಿಲ್ಲಿಸ್ತೀವಿ, ಈ ಕ್ಷಣದಲ್ಲಿ ಅವನು ಏನು ಮಾಡ್ತಿದ್ದ, ಕೋಳ ಯಾಕೆ, ಅಂತ ಅಲ್ಲೇ ಕೇಳ್ತೀವಿ, ಕೇಳಿದ್ದನ್ನ ಮಿನಿಟ್ಸ್‌ನಲ್ಲಿ ಬರೆಸ್ತೀವಿ.

ಇಷ್ಟೆಲ್ಲ ನೋಡಿದ ಮೇಲೆ ಏನಾಗುತ್ತೆ? ಬಹಳ ಕಡೆ ಏನೂ ಆಗಲ್ಲ, ಇದನ್ನ ನೋವಿನಿಂದಲೇ ಹೇಳ್ತಿದ್ದೀನಿ. "ಫೀಡ್‌ಬ್ಯಾಕ್ ತಲುಪಿಸ್ತೀವಿ" ಅಂತಾರೆ. ಮುಂದಿನ ಸಭೆಗೆ ಬೇರೆ ಇನ್ಸ್‌ಪೆಕ್ಟರ್ ಬಂದಿರ್ತಾರೆ, ಅವರಿಗೆ ಹಿಂದಿನದು ಗೊತ್ತಿರಲ್ಲ. ಆದ್ರೆ ನಾರ್ಥಾಂಪ್ಟನ್‌ಶೈರ್‌ನಲ್ಲಿ 2014ರಿಂದ ಬೇರೆ ಥರ ಮಾಡಿದ್ರು, ಅದನ್ನ ನಾನು ಎಲ್ಲಿ ಮಾತಾಡಿದ್ರೂ ಹೇಳ್ತೀನಿ. ಅಲ್ಲಿ ರೀಸನಬಲ್ ಗ್ರೌಂಡ್ಸ್ ಪ್ಯಾನೆಲ್ ಅಂತ, ಸಾಮಾನ್ಯ ಜನಾನೇ ಕೂತು ಹೆಸರಿಲ್ಲದ ರೆಕಾರ್ಡ್ ಓದಿ, ಈ ಕಾರಣ ಸಾಕಾ ಸಾಲದಾ ಅಂತ ತೀರ್ಮಾನ ಮಾಡ್ತಾರೆ. ಸಾಲದು ಅಂದ್ರೆ ಅದು ಬರೆದ ಆಫೀಸರ್‌ಗೂ ಅವರ ಸೂಪರ್‌ವೈಸರ್‌ಗೂ ಸುದ್ದಿ ಹೋಗುತ್ತೆ, ಮತ್ತೆ ಮತ್ತೆ ಆದ್ರೆ ತರಬೇತಿ, ಇನ್ನೂ ಆದ್ರೆ ತಿದ್ದಿಕೊಳ್ಳೋವರೆಗೂ ತಪಾಸಣೆ ಮಾಡೋ ಅಧಿಕಾರಾನೇ ನಿಲ್ಲಿಸ್ತಾರೆ. ಜನ ಆಡಿದ ಮಾತಿಗೆ ಹಲ್ಲು ಬಂತು ಅಲ್ಲಿ. ಕೆಲಸ ಕಳ್ಕೊಳ್ಳೋ ಶಿಕ್ಷೆ ಏನೂ ಅಲ್ಲ, ಆದ್ರೆ ನಾನು ಬರೆಯೋ ಎರಡು ಸಾಲನ್ನ ಊರಿನ ಜನ ಓದ್ತಾರೆ ಅಂತ ಗೊತ್ತಿದ್ರೆ ಯಾರಾದ್ರೂ ಸ್ವಲ್ಪ ಯೋಚನೆ ಮಾಡಿ ಬರೀತಾರೆ, ಬರೆಯೋಕೆ ಏನೂ ಇಲ್ಲ ಅಂತ ಗೊತ್ತಾದಾಗ ಕೈ ಹಾಕೋದೇ ಬಿಡ್ತಾರೆ.

2021ರಲ್ಲಿ ಕ್ರಿಮಿನಲ್ ಜಸ್ಟಿಸ್ ಅಲಯನ್ಸ್ ಅನ್ನೋ ಸಂಘಟನೆಗಳ ಒಕ್ಕೂಟ ಒಂದು ಸೂಪರ್ ಕಂಪ್ಲೇಂಟ್ ಹಾಕ್ತು, ಅಂದ್ರೆ ಒಬ್ಬ ಆಫೀಸರ್ ಮೇಲಲ್ಲ, ಪೊಲೀಸ್ ವ್ಯವಸ್ಥೆ ಮೇಲೇ ಸಂಘಟನೆಗಳು ಕೊಡೋ ದೂರು. ಅದರಲ್ಲಿ ಎರಡು ದೂರು, ಒಂದು ಸೆಕ್ಷನ್ 60ರ ಮೇಲೆ, ಇನ್ನೊಂದು ಈ ಜನರ ಗುಂಪುಗಳಿಗೆ ಸ್ವಾತಂತ್ರ್ಯ ಇಲ್ಲ, ಸವಲತ್ತಿಲ್ಲ, ಮಾಹಿತಿ ಸಿಗಲ್ಲ ಅನ್ನೋದರ ಮೇಲೆ. ಉತ್ತರ ಬಂದಿದ್ದು 2023ರ ಡಿಸೆಂಬರ್‌ನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, ಅದೇ ವರ್ಷ ಆಗಸ್ಟ್‌ನಲ್ಲಿ ಹೋಮ್ ಆಫೀಸ್, ಅಂದ್ರೆ ಗೃಹ ಇಲಾಖೆ, ಈ ಪ್ಯಾನೆಲ್‌ಗಳು ಹೇಗಿರಬೇಕು ಅಂತ ದೇಶಕ್ಕೆಲ್ಲ ಒಂದು ಮಾರ್ಗಸೂಚಿ ಹೊರಡಿಸ್ತು. ಒಳ್ಳೇದೇ, ಆದ್ರೆ ಅದು ಮಾರ್ಗಸೂಚಿ, ಕಾನೂನಲ್ಲ. ಪಾಲಿಸದಿದ್ರೆ ಯಾರೂ ಕೇಳಲ್ಲ, ನೀವು ನಾವು ಕೇಳದಿದ್ರೆ.

ಈಗ ಸೆಕ್ಷನ್ 60. ಒಂದು ಪ್ರದೇಶದಲ್ಲಿ ಗಂಭೀರ ಹಿಂಸೆ ನಡೆಯಬಹುದು ಅನ್ಸಿದ್ರೆ ಇನ್ಸ್‌ಪೆಕ್ಟರ್ ದರ್ಜೆಯವರು 24 ಗಂಟೆಗೆ ಆದೇಶ ಹೊರಡಿಸಬಹುದು, ಮೇಲಿನವರು ಅದನ್ನ 48 ಗಂಟೆವರೆಗೆ ಮುಂದುವರಿಸಬಹುದು, ಆ ಹೊತ್ತಲ್ಲಿ ಆ ಗಡಿ ಒಳಗೆ ಯಾರನ್ನ ಬೇಕಾದ್ರೂ ಕಾರಣ ಇಲ್ಲದೇ ತಪಾಸಣೆ ಮಾಡಬಹುದು. 2014ರ ಸ್ಕೀಮ್ ಇದಕ್ಕೆ ಬಿಗಿ ಕಡಿವಾಣ ಹಾಕಿತ್ತು, 2019ರಲ್ಲಿ ಸಡಿಲ ಮಾಡಿದ್ರು, 2022ರಲ್ಲಿ ಅದನ್ನೇ ಕಾಯಂ ಮಾಡಿದ್ರು. ಇಲ್ಲಿ ಓದೋಕೆ ಕಾರಣದ ಕಾಲಂ ಇಲ್ಲ, ಹಾಗಾದ್ರೆ ನಾವೇನು ಓದೋದು? ಆದೇಶವನ್ನ. ಯಾವ ಮಾಹಿತಿ ಮೇಲೆ ಹೊರಡಿಸಿದ್ರು, ಗಡಿ ಎಷ್ಟು ದೊಡ್ಡದು, ನಾಲ್ಕು ಬೀದಿಗೆ ಆಗೋದನ್ನ ಇಡೀ ಬರೋಗೆ (ಲಂಡನ್‌ನ ಒಂದೊಂದು ಆಡಳಿತ ವಿಭಾಗಕ್ಕೆ ಬರೋ ಅಂತಾರೆ) ಯಾಕೆ ಹಾಕಿದ್ರು, ಸಿಕ್ಕಿದ್ದೇನು, ಸ್ಥಳೀಯರಿಗೆ ತಿಳಿಸಿದ್ರಾ.

ಆದೇಶವನ್ನ ಯಾಕೆ ಓದಬೇಕು ಅನ್ನೋದಕ್ಕೆ ಸೆಕ್ಷನ್ 44ರ ಕಥೆ ಕೇಳಿ. 2000ದ ಟೆರರಿಸಂ ಆಕ್ಟ್‌ನ ಸೆಕ್ಷನ್ 44 ಕೂಡ ಅನುಮಾನ ಬೇಡದ ಅಧಿಕಾರ ಆಗಿತ್ತು, 2012ರಲ್ಲಿ ರದ್ದಾಯ್ತು. ಅದರ ಆದೇಶ 28 ದಿನಕ್ಕೆ ಮಾತ್ರ ಇತ್ತು. 2003ರಲ್ಲಿ ಪೂರ್ವ ಲಂಡನ್‌ನ ಒಂದು ಆಯುಧ ಮೇಳದ ಹತ್ರ ಪ್ರತಿಭಟನೆಗೆ ಹೋಗ್ತಿದ್ದ ಒಬ್ಬ ವಿದ್ಯಾರ್ಥಿ, ಒಬ್ಬ ಪತ್ರಕರ್ತೆ ಇಬ್ಬರನ್ನ ತಡೆದ್ರು. ಅವರು ಕೋರ್ಟಿಗೆ ಹೋದಾಗ ಹೊರಬಿದ್ದಿದ್ದು ಏನಂದ್ರೆ, ಲಂಡನ್ ಪೂರ್ತಿಗೆ ಆ 28 ದಿನದ ಆದೇಶವನ್ನ 2001ರಿಂದ ಒಂದಾದ ಮೇಲೊಂದು ಮುಂದುವರಿಸ್ತಾನೇ ಇದ್ರು, ಜನರಿಗೆ ಸುಳಿವೇ ಇರಲಿಲ್ಲ. ಇಲ್ಲಿನ ಕೋರ್ಟ್‌ಗಳಲ್ಲಿ ಸೋತ್ರು, ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯದಲ್ಲಿ 2010ರಲ್ಲಿ ಗೆದ್ರು, ಗಿಲನ್ ಅಂಡ್ ಕ್ವಿಂಟನ್ ಕೇಸು. 2009-10ರಲ್ಲಿ ಈ ಅಧಿಕಾರದಡಿ ತಡೆದಿದ್ದು 1,01,248 ಜನರನ್ನ, ಭಯೋತ್ಪಾದನೆ ಅಪರಾಧಕ್ಕೆ ಅರೆಸ್ಟ್ ಆಗಿದ್ದು ಸೊನ್ನೆ. ತಡೆಸಿಕೊಂಡವರಲ್ಲಿ ಏಷ್ಯನ್ನರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದ್ರೆ ಬಹಳ ಜಾಸ್ತಿ. ಇದು ಕಪ್ಪು ಜನರ ಸಮಸ್ಯೆ, ನಮಗ್ಯಾಕೆ ಅನ್ನೋರು ನಮ್ಮಲ್ಲಿ ಇದ್ದಾರೆ, ಆ ಮಾತು ನನಗೆ ಒಪ್ಪಿಗೆ ಇಲ್ಲ, ನಮ್ಮ ಮಕ್ಕಳನ್ನ ಮುಟ್ಟದೇ ಇದ್ರೂ ಒಪ್ಪಿಗೆ ಇರ್ತಿರಲಿಲ್ಲ.

ಅಂಕಿ ಬಗ್ಗೆ ಒಂದು ಎಚ್ಚರಿಕೆ. ಕಪ್ಪು ಜನರನ್ನ ಬಿಳಿಯರಿಗಿಂತ ಎಷ್ಟು ಪಟ್ಟು ಜಾಸ್ತಿ ತಡೀತಾರೆ ಅನ್ನೋದು 2017-18ರಲ್ಲಿ ಒಂಬತ್ತೂವರೆ ಪಟ್ಟು ಅಂತಿತ್ತು, 2022-23ಕ್ಕೆ ಸುಮಾರು 4 ಪಟ್ಟು ಅಂತ ಬಂತು. ಅಷ್ಟು ಸುಧಾರಣೆ ಆಯ್ತಾ? ಸ್ವಲ್ಪ ಆಗಿರಬಹುದು, ಆದ್ರೆ ಲೆಕ್ಕಕ್ಕೆ ಬಳಸೋ ಜನಸಂಖ್ಯೆ 2011ರ ಜನಗಣತಿಯಿಂದ 2021ರದಕ್ಕೆ ಬದಲಾಗಿದ್ದಕ್ಕೂ ಆ ಪಟ್ಟು ಇಳೀತು. ಸ್ಲೈಡ್ ತೋರಿಸುವಾಗ ಇದನ್ನ ಯಾರೂ ಹೇಳಲ್ಲ. ಹಾಗೇ "ಏನೋ ಸಿಕ್ತು" ಅನ್ನೋ ಪರ್ಸೆಂಟ್ ಕೇಳಿದಾಗ, ಹುಡುಕಿದ್ದೇ ಸಿಕ್ತಾ ಅಂತ ಕೇಳಿ, ಚಾಕು ಹುಡುಕೋಕೆ ಹೋಗಿ ಒಂದು ಸಣ್ಣ ಗಾಂಜಾ ಪೊಟ್ಟಣ ಸಿಕ್ಕಿದ್ರೂ ಅದು ಸಿಕ್ಕ ಲೆಕ್ಕಕ್ಕೇ ಸೇರುತ್ತೆ. ಹೆಚ್ಚುಕಮ್ಮಿ ಹತ್ತರಲ್ಲಿ ಏಳು ತಪಾಸಣೆಯಲ್ಲಿ ಮುಂದಿನ ಕ್ರಮನೇ ಇಲ್ಲ.

ಚಾಕು ಇರಿತಕ್ಕೆ ಮಕ್ಕಳು ಸಾಯ್ತಿರುವಾಗ ಇದೆಲ್ಲ ಬೇಕಾ ಅಂತ ಸಭೇಲಿ ಒಬ್ಬರು ಹಿರಿಯರು ಕೇಳಿದ್ರು, ಸಿಟ್ಟಿಂದಲೇ ಕೇಳಿದ್ರು. ಆ ಸಿಟ್ಟು ನನಗೆ ಅರ್ಥ ಆಗುತ್ತೆ. ಮಗ ಕಳ್ಕೊಂಡ ತಾಯಂದಿರು ನಮ್ಮ ಗುಂಪಿನ ಸಭೆಗೂ ಬರ್ತಾರೆ, ತಪಾಸಣೆ ಬೇಕು ಅಂತಾರೆ, ಅದೇ ಉಸಿರಲ್ಲಿ ಇನ್ನೊಬ್ಬ ಮಗನನ್ನ ಹೀಗೆ ಅವಮಾನ ಮಾಡ್ಬೇಡಿ ಅಂತಾರೆ. 2008ರಲ್ಲಿ ಲಂಡನ್‌ನಲ್ಲಿ ಆಪರೇಷನ್ ಬ್ಲಂಟ್ 2 ಅಂತ ಚಾಕುಗಾಗಿ ದೊಡ್ಡ ಪ್ರಮಾಣದ ತಪಾಸಣೆ ಮಾಡಿದ್ರು, ಅದರಿಂದ ಅಪರಾಧ ಇಳೀತಾ ಅಂತ ಹೋಮ್ ಆಫೀಸ್‌ನವರೇ ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ್ರು, ತಪಾಸಣೆ ಜಾಸ್ತಿ ಮಾಡಿದ ಬರೋಗಳಲ್ಲಿ ಅಪರಾಧ ಇಳಿದಿದ್ದಕ್ಕೆ ಗಮನಾರ್ಹ ಪುರಾವೆ ಸಿಗಲಿಲ್ಲ. ನಾನು ತಪಾಸಣೆ ಬೇಡ ಅನ್ನೋ ಪಾರ್ಟಿ ಅಲ್ಲ. ಕೆಂಪು ಹೆಲ್ಮೆಟ್ ರೆಕಾರ್ಡ್ ಥರದ್ದು ನೂರು ಬರಲಿ. ಚಾಕು ಯಾರ ಹತ್ರ ಇದೆ ಅಂತ ಪೊಲೀಸರಿಗೆ ಹೇಳೋದು ಆ ಬೀದಿಯ ಹುಡುಗರೇ, ಕಾರಣ ಇಲ್ಲದೇ ಗೋಡೆಗೆ ಒರಗಿಸಿಕೊಂಡವನು ನಾಳೆ ಪೊಲೀಸ್‌ಗೆ ಫೋನ್ ಮಾಡ್ತಾನಾ?

ಕೊನೇದಾಗಿ ಯಾರು ಕೂತಿರ್ತಾರೆ ಅನ್ನೋದು. ಬಹುತೇಕ ನನ್ನಂಥ ವಯಸ್ಸಾದವರು, ಸಂಜೆ ಬಿಡುವಿರೋರು, ತಪಾಸಣೆ ಅನುಭವವೇ ಇಲ್ಲದವರು. ದಿನಾ ತಡೆಸಿಕೊಳ್ಳೋದು ಹದಿನೈದರಿಂದ ಇಪ್ಪತ್ತೈದರ ಹುಡುಗರು. ಅವರನ್ನ ಕರೆತರೋದು ಕಷ್ಟ, ಪೊಲೀಸ್ ವೆಟ್ಟಿಂಗ್, ಅಂದ್ರೆ ಹಿನ್ನೆಲೆ ಪರಿಶೀಲನೆ, ಅಂತ ಒಂದು ಬೇಲಿ ಇರುತ್ತೆ, ಹಿಂದೆ ಸಣ್ಣ ಕೇಸ್ ಇದ್ರೂ ಹೊರಗೆ, ಅಂದ್ರೆ ಹೆಚ್ಚು ತಡೆಸಿಕೊಂಡವನೇ ಹೊರಗೆ. ಸಭೆ ಪೊಲೀಸ್ ಠಾಣೆ ಒಳಗಿದ್ರೆ ಅವರು ಬರೋದೇ ಇಲ್ಲ. 2020ರ ಡಿಸೆಂಬರ್‌ನಲ್ಲಿ ಹ್ಯಾಕ್ನಿಯ ಒಂದು ಶಾಲೆಯಲ್ಲಿ 15ರ ಕಪ್ಪು ಹುಡುಗಿಯನ್ನ, ಗಾಂಜಾ ವಾಸನೆ ಅಂತ ಶಿಕ್ಷಕರು ಹೇಳಿದ್ದಕ್ಕೆ ಪೊಲೀಸರು ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ರು, ಅವಳ ಪರವಾಗಿ ದೊಡ್ಡವರು ಯಾರೂ ಜೊತೆಗಿರಲಿಲ್ಲ, ಅವಳು ಮುಟ್ಟಾಗಿದ್ಲು, ಏನೂ ಸಿಗಲಿಲ್ಲ. ಚೈಲ್ಡ್ ಕ್ಯೂ ಅಂತ ಅವಳನ್ನ ಕರೆದ ವರದಿ ಹೊರಬಂದಿದ್ದು 2022ರ ಮಾರ್ಚ್‌ನಲ್ಲಿ. ಒಂದು ವರ್ಷದ ಮೇಲಾಯ್ತು ಜಗತ್ತಿಗೆ ಗೊತ್ತಾಗೋಕೆ. ಬಟ್ಟೆ ಬಿಚ್ಚಿಸಿದ ತಪಾಸಣೆಗಳ ರೆಕಾರ್ಡ್ ಪ್ರತ್ಯೇಕವಾಗಿ ಪಟ್ಟಿ ಮಾಡಿ ಮೊದಲು ಟೇಬಲ್ ಮೇಲಿಡಿ, ಅದರಲ್ಲೂ ಹದಿನೆಂಟರ ಒಳಗಿನವರದ್ದು ಒಂದೂ ಬಿಡದೇ ಇಡಿ, ಅಂತ ನಾನು ಹಟ ಮಾಡೋದು ಇದಕ್ಕೇ. ಇದರಲ್ಲಿ ಸ್ಯಾಂಪಲ್ ಅನ್ನೋ ಮಾತೇ ಇರಬಾರದು.

ಪ್ರಶ್ನೆ ಬಂದವು ಕೆಲವು. ಮಗನಿಗೆ ಏನು ಹೇಳಿಕೊಡ್ಲಿ ಅಂತ ಒಬ್ಬರು ತಾಯಿ ಕೇಳಿದ್ರು. ಓಡಬೇಡ, ಕೈ ತೋರಿಸಿ ನಿಲ್ಲು, ಯಾವ ಕಾನೂನು ಯಾವ ಕಾರಣ ಅಂತ ಕೇಳು, ರಸೀದಿ ಇಲ್ಲಾ ರೆಕಾರ್ಡ್ ಪ್ರತಿ ಕೇಳು, ಹೆಗಲ ಮೇಲಿನ ನಂಬರ್ ನೆನಪಿಟ್ಕೋ, ಮನೆಗೆ ಬಂದು ಅವತ್ತೇ ಬರೆದಿಡು, ಇಷ್ಟು ಹೇಳಿ ಅಂದೆ. ದೂರು ಕೊಡೋದಿದ್ರೆ ಬೇಗ ಕೊಡಿ, 31 ದಿನ ನೆನಪಿರಲಿ, ವಿಡಿಯೋ ಉಳಿಸಿ ಅಂತ ಮೊದಲ ಇಮೇಲ್‌ನಲ್ಲೇ ಬರೀರಿ.

ಇನ್ನೊಬ್ಬ ಹುಡುಗಿ, ಕಾಲೇಜ್ ಓದ್ತಿರೋಳು, ಇಂಥ ಗುಂಪಿಗೆ ಸೇರೋಕೆ ಕಾನೂನು ಓದಿರಬೇಕಾ ಅಂತ ಕೇಳಿದ್ಲು. ಬೇಡಮ್ಮ. ಲಂಡನ್‌ನ ಪ್ರತಿ ಬರೋದಲ್ಲೂ ಒಂದು ಗುಂಪಿದೆ, ಲಂಡನ್ ಆಚೆ ಇರೋರು ನಿಮ್ಮ ಪೊಲೀಸ್ ಅಂಡ್ ಕ್ರೈಮ್ ಕಮಿಷನರ್ ಕಚೇರಿಗೆ ಬರೀರಿ, ಕೋಡ್ ಎ ಆನ್‌ಲೈನ್‌ನಲ್ಲಿ ಸಿಗುತ್ತೆ, ಎರಡನೇ ಭಾಗ ಓದ್ಕೊಂಡು ಬಾ, ಪ್ರತಿ ಪಡೆಯ ತಪಾಸಣೆ ಮಾಹಿತಿ ಪೊಲೀಸ್ ಡೇಟಾ ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತೆ, ನಿಮ್ಮ ಬೀದಿದು ನೋಡ್ಕೊಂಡು ಬಾ. ಮೊದಲ ಸಭೇಲಿ ಸುಮ್ನೆ ಕೂತ್ರೂ ಪರವಾಗಿಲ್ಲ, ಎರಡನೇ ಸಭೇಲಿ ಹೋದ ಸಲ ಸಾಲದು ಅಂದ ರೆಕಾರ್ಡ್ ಏನಾಯ್ತು ಅಂತ ಕೇಳು. ಅದೊಂದೇ ಪ್ರಶ್ನೆ ಸಾಕು, ಉತ್ತರ ಬರೋವರೆಗೂ ಪ್ರತಿ ಸಭೇಲೂ ಕೇಳ್ತಾ ಇರು ಅಂದೆ. ಮುಂದಿನ ಸಭೆಗೆ ಬರ್ತೀನಿ ಅಂತ ನಂಬರ್ ತಗೊಂಡು ಹೋಗಿದ್ದಾಳೆ, ಜೊತೆಗೆ ಅವಳ ತಮ್ಮನ್ನೂ ಕರ್ಕೊಂಡು ಬರ್ತಾಳಂತೆ, ಅವನಿಗೆ ಹದಿನಾರು.